ಚೆಂಡಿಲ್ಲದ ಗಾಲ್ಫ್

ಮನೆಯ ಮುಂದಿನ ಅಂಗಳಕ್ಕೂ ಹಿಂದಿನ ಹಿತ್ತಲಿಗೂ ನಮ್ಮ ಸಂಸಾರಗಳಲ್ಲಿ ಉಪಯೋಗಗಳ ಕೊರತೆಯಿಲ್ಲ. ಬಟ್ಟೆ ಒಣಗಬೇಕು, ಹಪ್ಪಳ ಸಂಡಿಗೆಗಳಿಗೆ ಬಿಸಿಲು ತಾಗಬೇಕು, ತುಳಸಿಗೆ ನೀರು ಬೀಳಬೇಕು, ಮಕ್ಕಳು ಕುಂಟೆಬಿಲ್ಲೆ ಆಡಬೇಕು, ಸಂಜೆ ಹಿರಿಯರು ಕುರ್ಚಿ ಹಾಕಿಕೊಂಡು ಲೋಕಾಭಿರಾಮವಾಗಿ ಮಾತನಾಡಬೇಕು. ಇಷ್ಟಕ್ಕೆಲ್ಲ ಎಡೆಕೊಟ್ಟ ಮೇಲೆ ಉಳಿಯುವ ನೆಲದಲ್ಲಿ ಗಾಲ್ಫ್ ಆಟವನ್ನು ಅಭ್ಯಾಸ ಮಾಡಬಹುದೆಂದು ಯಾರಾದರೂ ಹೇಳಿದರೆ ಮನೆಯವರು ನಕ್ಕಾರು. ನೂರು ನೂರೈವತ್ತು ಎಕರೆ ಹುಲ್ಲುಗಾವಲನ್ನು ಬೇಡುವ ಆಟವೆಲ್ಲಿ, ಕರಿಬೇವಿನ ಗಿಡಕ್ಕೂ ನೀರಿನ ತೊಟ್ಟಿಗೂ ನಡುವಣ ಈ ಅಂಗೈಯಗಲದ ಜಾಗವೆಲ್ಲಿ! ಆದರೂ ಆ ಮಾತು ನಿಜವೇ. ಅಷ್ಟೇ ಅಲ್ಲ, ಈ ಆಟದ ಜೀವಾಳವೆನ್ನಬಹುದಾದ ಒಂದು ಭಾಗವನ್ನು ಮೈದಾನದಲ್ಲಿ ಕಲಿಯುವುದಕ್ಕಿಂತ ಅಂಗಳದಲ್ಲಿ ಕಲಿಯುವುದೇ ಮೇಲು. ಅದು ಹೇಗೆಂಬುದನ್ನು ಈ ವಾರ ವಿಚಾರಿಸೋಣ.

ಗಾಲ್ಫ್ ಎಂದೊಡನೆ ಅದು ಸಾಹೇಬರ ಆಟ, ಸಿರಿವಂತರ ಆಟ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದಕ್ಕೆ ಕಾರಣವೂ ಇದೆ. 1829ರಲ್ಲಿ ಕಲ್ಕತ್ತೆಯಲ್ಲಿಯೂ 1876ರಲ್ಲಿ ನಮ್ಮ ಬೆಂಗಳೂರಿನಲ್ಲಿಯೂ ಗಾಲ್ಫ್ ಸಂಸ್ಥೆಗಳನ್ನು ಕಟ್ಟಿದವರು ಆಂಗ್ಲರು; ಸದಸ್ಯತ್ವದ ಬಾಗಿಲು ಇಂದಿಗೂ ಎಲ್ಲರಿಗೂ ಸಲೀಸಾಗಿ ತೆರೆಯುವಂಥದಲ್ಲ. ಆದರೆ ಆಟದ ಹುಟ್ಟೂರಾದ ಸ್ಕಾಟ್ಲೆಂಡಿನ ಕಥೆ ಬೇರೆ. ಅಲ್ಲಿ ಜನ ಬಿಲ್ಲುವಿದ್ಯೆಯನ್ನು ಬಿಟ್ಟು ಇದಕ್ಕೆ ಮರುಳಾದರೆಂದು 1457ರಲ್ಲಿ ಅಲ್ಲಿನ ಪಾರ್ಲಿಮೆಂಟು ಕಾಲ್ಚೆಂಡಿನೊಡನೆ ಗಾಲ್ಫನ್ನೂ ನಿಷೇಧಿಸಬೇಕಾಯಿತು. ಬರಿಯ ನಾಲ್ಕು ಜನ ಸಿರಿವಂತರು ಆಡುವ ಆಟಕ್ಕೆ ಶಾಸನ ಬೇಕಾಗುವುದಿಲ್ಲವಷ್ಟೆ. ಮೈದಾನ ಸಂಸ್ಥೆಯ ಸೊತ್ತಾಗಿರಬಹುದು, ಪೋಷಾಕು ಅಂಗಡಿಯ ಸೊತ್ತಾಗಿರಬಹುದು. ಕೋಲನ್ನು ಬೀಸುವ ವಿದ್ಯೆ ಮಾತ್ರ ಅವರವರ ಮೈಯ ಸೊತ್ತು. ಅದನ್ನು ಗಳಿಸಲು ಯಾರ ಚೀಟಿಯೂ ಬೇಕಿಲ್ಲ.

ಒಂದು ಸಣ್ಣ ಲೆಕ್ಕವನ್ನು ನೋಡಿ. ಬೀಸಿದ ಕೋಲಿಗೂ ಚೆಂಡಿಗೂ ಆಗುವ ಸ್ಪರ್ಶದ ಕಾಲ ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು. ಸಾಧಾರಣ ಆಟಗಾರನು ಹದಿನೆಂಟು ಗುಳಿಗಳ ಒಂದು ಸುತ್ತಿನಲ್ಲಿ ತೊಂಬತ್ತು ಹೊಡೆತ ಹೊಡೆದನೆಂದು ಇಟ್ಟುಕೊಂಡರೆ, ನಾಲ್ಕು ಗಂಟೆಯ ಆ ಆಟದಲ್ಲಿ ಚೆಂಡೂ ಕೋಲೂ ಕೂಡಿದ್ದ ಒಟ್ಟು ಕಾಲ ಒಂದು ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲೂ ಆಗದು! ಆ ಕ್ಷಣಾರ್ಧದಲ್ಲಿ ಮನುಷ್ಯ ಮಾಡಬಹುದಾದ್ದು ಏನೂ ಇಲ್ಲ. ಕೋಲಿನ ಮುಖ ಯಾವ ಕಡೆ ತಿರುಗಿದೆಯೋ ಬಹುಮಟ್ಟಿಗೆ ಆ ಕಡೆಗೇ ಚೆಂಡು ಹೊರಡುತ್ತದೆ. ಮುಖ ಹೇಗೆ ತಿರುಗಬೇಕೆಂಬುದು ಅದಕ್ಕೂ ಮುಂಚೆಯೇ, ಹಿಡಿತದಲ್ಲಿ, ನಿಲುವಿನಲ್ಲಿ, ಬೀಸಿನಲ್ಲಿ ನಿರ್ಧಾರವಾಗಿ ಹೋಗಿರುತ್ತದೆ. ಆದುದರಿಂದ ಕಲಿಯಬೇಕಾದ್ದು ಬೀಸನ್ನು. ಚೆಂಡು ಆ ಬೀಸಿನ ದಾರಿಗೆ ಅಡ್ಡ ಸಿಕ್ಕಿದ ಒಂದು ಪದಾರ್ಥ ಮಾತ್ರ.

ಇನ್ನೊಂದು ಮಾತು. ಚೆಂಡು ಎದುರಿಗಿದ್ದರೆ ನಮ್ಮ ಗಮನವೆಲ್ಲ ಅದರ ಮೇಲೆಯೇ. ಅದು ಎಲ್ಲಿಗೆ ಹೋದೀತು, ಎಷ್ಟು ದೂರ ಹೋದೀತು, ನೋಡುವವರು ಏನೆಂದಾರು ಎಂಬ ಆತಂಕದಲ್ಲಿ ಭುಜ ಬಿಗಿಯುತ್ತದೆ, ತಲೆ ಬೇಗ ಮೇಲೇಳುತ್ತದೆ, ಕೈ ಅವಸರಪಡುತ್ತದೆ. ಚೆಂಡನ್ನು ತೆಗೆದುಬಿಡಿ; ಅದೇ ಮನುಷ್ಯ ಸರಾಗವಾಗಿ ಕೋಲು ಬೀಸುತ್ತಾನೆ. ಫಲವನ್ನು ಕಣ್ಣಿನಿಂದ ಮರೆಮಾಡಿದಾಗ ಕೆಲಸ ಹಸನಾಗುವ ಉದಾಹರಣೆಗಳಲ್ಲಿ ಇದೂ ಒಂದು. ಅಂಗಳದ ಅಭ್ಯಾಸದ ಹಿರಿಮೆ ಇರುವುದು ಇಲ್ಲಿಯೇ.

ಅಭ್ಯಾಸಕ್ಕೆ ತೊಡಗುವ ಮುನ್ನ ಒಂದು ಎಚ್ಚರಿಕೆ. ಇದನ್ನು ಓದುಗರು ಎಲ್ಲಕ್ಕಿಂತ ಮಿಗಿಲಾಗಿ ನೆನಪಿನಲ್ಲಿಡಬೇಕು. ಗಾಲ್ಫ್ ಕೋಲಿನ ತುದಿಯಲ್ಲಿರುವುದು ಸುಮಾರು ಕಾಲು ಕಿಲೋ ತೂಕದ ಉಕ್ಕಿನ ತಲೆ. ವೃತ್ತಿಪರರ ಉದ್ದ ಕೋಲಿನಲ್ಲಿ ಅದರ ವೇಗ ಗಂಟೆಗೆ 180 ಕಿಲೋಮೀಟರನ್ನು ಮೀರುತ್ತದೆ. ಹವ್ಯಾಸಿಯ ಕೈಯಲ್ಲಿಯೂ ಅದು ಕಾರಿನ ವೇಗಕ್ಕೆ ಕಡಿಮೆಯಿಲ್ಲ. ಗಾಲ್ಫ್ ಕೋಲು ತಗುಲಿ ಎಳೆಯ ಮಕ್ಕಳ ತಲೆಬುರುಡೆ ಒಡೆದ ಪ್ರಕರಣಗಳು ಹಲವು ದೇಶಗಳ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಅವುಗಳಲ್ಲಿ ಬಹಳಷ್ಟು ನಡೆದದ್ದು ಮೈದಾನದಲ್ಲಲ್ಲ, ಮನೆಯ ಅಂಗಳದಲ್ಲಿ. ಹೊಡೆದವರು ಅಪರಿಚಿತರೂ ಅಲ್ಲ. ಅಣ್ಣನೋ ಗೆಳೆಯನೋ ತಂದೆಯೋ ಆಗಿದ್ದರು. ತಂದೆ ಬೀಸುತ್ತಿದ್ದರೆ ಹಿಂದಿನಿಂದ ಮಗು ಓಡಿಬರುವುದು ಸಹಜ. ಬೀಸುವವನ ಕಣ್ಣು ನೆಲದ ಮೇಲಿರುವುದೂ ಸಹಜ. ಇವೆರಡು ಸಹಜಗಳು ಕೂಡಿದಾಗ ಅನಾಹುತ ನಡೆಯುತ್ತದೆ.

ಆದಕಾರಣ ಮೊದಲು ಜಾಗವನ್ನು ಅಳೆಯಿರಿ. ಏಳನೆಯ ಸಂಖ್ಯೆಯ ಕೋಲಿನ ಉದ್ದ ಸುಮಾರು 37 ಅಂಗುಲ. ತೋಳಿನ ಉದ್ದವೂ ಸೇರಿದರೆ ನೀವು ನಿಂತಲ್ಲಿಂದ ಐದಾರು ಅಡಿ ದೂರದವರೆಗೆ ಅದರ ಪ್ರಭಾವ. ಸುತ್ತಲೂ, ತಲೆಯ ಮೇಲೂ ಎಂಟು ಅಡಿಗಳಷ್ಟು ಬಯಲಿರಲಿ. ಬಟ್ಟೆ ಒಣಹಾಕುವ ತಂತಿ, ವಿದ್ಯುತ್ತಿನ ತಂತಿ, ತೆಂಗಿನ ಗರಿ, ಕಿಟಕಿಯ ಗಾಜು ಇವೆಲ್ಲವನ್ನೂ ಒಮ್ಮೆ ಕಣ್ಣಾಡಿಸಿ ನೋಡಬೇಕು. ಮೊದಲ ಬೀಸನ್ನು ಆಮೆಯ ನಡಿಗೆಯಲ್ಲಿ ಬೀಸಿ ಏನೂ ತಾಗದೆಂದು ಖಚಿತಪಡಿಸಿಕೊಳ್ಳಬೇಕು. ಮನುಷ್ಯರು ಮಾತ್ರ ಹದಿನೈದು ಅಡಿಗಿಂತ ಹತ್ತಿರ ಬರಕೂಡದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅಂಗಳದ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿಕೊಳ್ಳುವುದೇ ಲೇಸು. ಮೂವತ್ತು ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿ ಅಂಗಳವೇ ಉಳಿಯದವರು ಮಹಡಿಯ ಮೇಲೆ ಅಭ್ಯಾಸ ಮಾಡುವುದುಂಟು. ಅಂಥವರು ಉಕ್ಕಿನ ಕೋಲಿನ ಬದಲು ಮೊಳ ಎರಡು ಮೊಳದ ಹಗುರವಾದ ಬೆತ್ತವನ್ನು ಬಳಸಲಿ. ಬೆವರಿದ ಕೈಯಿಂದ ಕೋಲು ಜಾರಿ ಬೀದಿಗೆ ಬಿದ್ದರೆ ಆಟ ನ್ಯಾಯಾಲಯದಲ್ಲಿ ಮುಂದುವರಿಯಬೇಕಾದೀತು! ನಿಜವಾದ ಗಾಲ್ಫ್ ಚೆಂಡನ್ನಂತೂ ಊರಿನ ಮನೆಯ ಅಂಗಳದಲ್ಲಿ ಬೀಸಿ ಹೊಡೆಯಲೇಬಾರದು. ನೆಲದ ಮೇಲೆ ಏನಾದರೂ ಇರಲೇಬೇಕೆನಿಸಿದರೆ ತೂತುಗಳುಳ್ಳ ಹಗುರವಾದ ಪ್ಲಾಸ್ಟಿಕ್ ಚೆಂಡುಗಳು ಸಿಗುತ್ತವೆ. ಒಂದು ಒಣಗಿದ ಎಲೆಯಾದರೂ ಸಾಕು.

ಸಲಕರಣೆಗೆ ದೊಡ್ಡ ವೆಚ್ಚವಿಲ್ಲ. ಪಂದ್ಯದಲ್ಲಿ ಹದಿನಾಲ್ಕು ಕೋಲುಗಳವರೆಗೆ ಒಯ್ಯಬಹುದೆಂದು ನಿಯಮವಿದ್ದರೂ ಅಂಗಳಕ್ಕೆ ಒಂದೇ ಕೋಲು ಸಾಕು. ಯಾರೋ ಬಳಸಿ ಬಿಟ್ಟ ಏಳನೆಯ ಸಂಖ್ಯೆಯ ಕಬ್ಬಿಣದ ಕೋಲನ್ನು ಕೊಂಡುಕೊಳ್ಳಿ. ಅದು ಅತಿ ಉದ್ದವೂ ಅಲ್ಲ, ಅತಿ ಗಿಡ್ಡವೂ ಅಲ್ಲ. ಮುಂದೆ ಹೇಳುವುದೆಲ್ಲ ಬಲಗೈಯವರಿಗೆ. ಎಡಚರು ಎಡಬಲಗಳನ್ನು ಅದಲುಬದಲು ಮಾಡಿಕೊಳ್ಳಬೇಕು.

ಮೊದಲನೆಯ ಪಾಠ ಹಿಡಿತ. ಅಮೆರಿಕದ ಬೆನ್ ಹೋಗನ್ 1949ರ ಫೆಬ್ರವರಿಯಲ್ಲಿ ಕಾರು ಅಪಘಾತದಲ್ಲಿ ಬದುಕುವುದೇ ಸಂದೇಹವೆನ್ನುವಷ್ಟು ನುಜ್ಜುಗುಜ್ಜಾಗಿ, ಮರುವರ್ಷವೇ ತನ್ನ ದೇಶದ ಓಪನ್ ಪಂದ್ಯವನ್ನು ಗೆದ್ದ ಧೀರ. 1957ರಲ್ಲಿ ಪ್ರಕಟವಾದ ಆತನ ಪುಸ್ತಕದಲ್ಲಿರುವುದು ಐದೇ ಪಾಠಗಳು. ಅವುಗಳಲ್ಲಿ ಮೊದಲನೆಯದೇ ಹಿಡಿತದ ಪಾಠ. ಎಡಗೈ ಮೇಲೆ, ಬಲಗೈ ಅದರ ಕೆಳಗೆ. ಕೋಲು ಅಂಗೈಯಲ್ಲಿ ಹೂತುಹೋಗಬಾರದು, ಬೆರಳುಗಳ ಬುಡದಲ್ಲಿ ನೆಲಸಬೇಕು. ಬಲಗೈಯ ಕಿರುಬೆರಳು ಎಡಗೈಯ ತೋರುಬೆರಳಿಗೂ ನಡುಬೆರಳಿಗೂ ನಡುವಣ ಸಂದಿಯ ಮೇಲೆ ಕುಳಿತಿರಬೇಕು. ಈ ಹಿಡಿತಕ್ಕೆ ಹ್ಯಾರಿ ವಾರ್ಡನ್ನನ ಹೆಸರು ಅಂಟಿಕೊಂಡಿದೆ. 1896ರಿಂದ 1914ರವರೆಗೆ ಆರು ಸಲ ಬ್ರಿಟಿಷ್ ಓಪನ್ ಗೆದ್ದವನು ಆತ. ಆ ದಾಖಲೆಯನ್ನು ಯಾರೂ ಮುರಿದಿಲ್ಲ. ಇನ್ನು ಬಿಗಿ ಎಷ್ಟಿರಬೇಕು? ಜನಸಂದಣಿಯ ರಸ್ತೆ ದಾಟಿಸುವಾಗ ಮಗುವಿನ ಕೈ ಹಿಡಿಯುತ್ತೇವಲ್ಲ, ಅಷ್ಟು. ನೋಯಿಸಲೂಬಾರದು, ಜಾರಲು ಬಿಡಲೂಬಾರದು. ಈ ಹಿಡಿತದ ಅಭ್ಯಾಸಕ್ಕೆ ಅಂಗಳವೂ ಬೇಡ. ಕುರ್ಚಿಯಲ್ಲಿ ಕುಳಿತು ಹಾಡು ಕೇಳುತ್ತಲೇ ಹತ್ತು ಸಲ ಹಿಡಿದು ಬಿಟ್ಟು, ಬಿಟ್ಟು ಹಿಡಿದು ಮಾಡಿದರೆ ಒಂದು ವಾರದಲ್ಲಿ ಕೈಗೆ ತನ್ನ ಸ್ಥಾನ ತಿಳಿಯುತ್ತದೆ.

ಎರಡನೆಯ ಪಾಠಕ್ಕೆ ಸೂರ್ಯದೇವನೇ ಗುರು. ಬೆಳಗಿನ ಒಂಬತ್ತು ಗಂಟೆಯ ಸುಮಾರಿಗೆ, ನೆರಳು ಆಳುದ್ದವಿರುವಾಗ, ಬಿಸಿಲಿಗೆ ಬೆನ್ನು ಮಾಡಿ ನಿಲ್ಲಿ. ತಲೆಯ ನೆರಳು ಬಿದ್ದಲ್ಲಿ ಒಂದು ಕಲ್ಲನ್ನೋ ದಾಸವಾಳದ ಹೂವನ್ನೋ ಇಡಿ. ಈಗ ಕೋಲನ್ನು ನಿಧಾನವಾಗಿ ಹಿಂದಕ್ಕೆತ್ತಿ ಬೀಸಿ. ಕೋಲು ಇಳಿದು ಚೆಂಡಿರಬೇಕಾದ ಸ್ಥಳವನ್ನು ಮುಟ್ಟುವವರೆಗೂ ಹೂವು ನೆರಳಿನೊಳಗೇ ಉಳಿದರೆ ತಲೆ ಸ್ಥಿರವಾಗಿದೆ ಎಂದರ್ಥ. ಹೂವು ಬಿಸಿಲಿಗೆ ಬಂದರೆ ನೀವು ಒಂದು ಪಕ್ಕಕ್ಕೆ ವಾಲಿದಿರಿ. ಬೀಸೆಂಬುದು ತಿರುಗಾಣಿಯಂತೆ ಬೆನ್ನುಹುರಿಯ ಸುತ್ತ ತಿರುಗುವ ಕ್ರಿಯೆ, ಉಯ್ಯಾಲೆಯಂತೆ ಅತ್ತಿತ್ತ ಓಲಾಡುವ ಕ್ರಿಯೆಯಲ್ಲ. ಜಗತ್ಪ್ರಸಿದ್ಧ ಪಂದ್ಯಗಳನ್ನು ಹದಿನೆಂಟು ಸಲ ಗೆದ್ದ ಜ್ಯಾಕ್ ನಿಕ್ಲಸ್ ಬಾಲಕನಾಗಿದ್ದಾಗ ಅವನ ಗುರು ಜ್ಯಾಕ್ ಗ್ರೌಟ್ ಇದನ್ನು ಕಲಿಸಿದ ಬಗೆ ಸ್ವಾರಸ್ಯವಾಗಿದೆ. ಗುರುವಿನ ಸಹಾಯಕ ಎದುರಿಗೆ ನಿಂತು ಹುಡುಗನ ಮುಂಗೂದಲನ್ನು ಹಿಡಿದುಕೊಳ್ಳುತ್ತಿದ್ದ. ತಲೆ ಅಲುಗಿತೋ, ಕಣ್ಣಲ್ಲಿ ನೀರು! ನಮಗೆ ಅಷ್ಟು ಕಟ್ಟುನಿಟ್ಟು ಬೇಕಿಲ್ಲ, ದಾಸವಾಳವೇ ಸಾಕು. ಆದರೆ ಚೆಂಡಿನ ಸ್ಥಳವನ್ನು ದಾಟಿದ ಮೇಲೆ ತಲೆಯನ್ನು ಬಲವಂತವಾಗಿ ತಗ್ಗಿಸಿ ಹಿಡಿಯಬಾರದು. ದೇಹದೊಂದಿಗೆ ಅದೂ ಮೇಲೇಳಲಿ; ಇಲ್ಲವಾದರೆ ಕತ್ತು ಉಳುಕೀತು.

ಮೂರನೆಯ ಪಾಠಕ್ಕೆ ಮನೆಯೊಡತಿಯ ರಂಗೋಲಿ ಬಟ್ಟಲಿನಿಂದ ಒಂದು ಚಿಟಿಕೆ ಪುಡಿಯನ್ನು ಕೇಳಿ ಪಡೆಯಿರಿ. ಮೆದುವಾದ ಮಣ್ಣಿನ ಮೇಲೋ ಹುಲ್ಲಿನ ಮೇಲೋ ಎರಡು ಪಾದಗಳ ನಡುವಿನಿಂದ ನಿಮ್ಮ ಎದುರಿಗೆ ನೇರವಾಗಿ ಒಂದು ಗೆರೆ ಎಳೆಯಿರಿ. ಚೆಂಡು ಆ ಗೆರೆಯ ಮೇಲಿದೆಯೆಂದು ಭಾವಿಸಿ ಬೀಸಿ, ಕೋಲು ನೆಲವನ್ನು ಎಲ್ಲಿ ಸವರಿತೆಂದು ನೋಡಿ. ಕಬ್ಬಿಣದ ಕೋಲಿನ ಸರಿಯಾದ ಬೀಸಿನಲ್ಲಿ ಗುರುತು ಗೆರೆಯಿಂದ ಆರಂಭವಾಗಿ ಗುರಿಯ ಕಡೆಗೆ, ಎಂದರೆ ಎಡಕ್ಕೆ, ಸಾಗಬೇಕು. ಹೊಸಬರಲ್ಲಿ ಅದು ಗೆರೆಗಿಂತ ಹಿಂದೆಯೇ ಬೀಳುತ್ತದೆ. ಏಕೆಂದರೆ ಚೆಂಡು ಮೇಲಕ್ಕೆ ಹಾರಬೇಕಾದರೆ ಅದನ್ನು ಸೌಟಿನಿಂದ ಬಡಿಸುವಂತೆ ಎತ್ತಬೇಕೆಂದು ಮನಸ್ಸು ತಿಳಿದಿರುತ್ತದೆ. ಆ ಎತ್ತುವ ಕೆಲಸಕ್ಕಾಗಿಯೇ ಕೋಲಿನ ಮುಖವನ್ನು ಓರೆಯಾಗಿ ಮಾಡಿದ್ದಾರೆ. ಕೋಲು ಇನ್ನೂ ಇಳಿಯುತ್ತಿರುವಾಗಲೇ ಚೆಂಡು ಸಿಕ್ಕಬೇಕು, ಆಮೇಲೆ ನೆಲ. ಮೈಭಾರ ಎಡಗಾಲಿಗೆ ಸಾಗಿದರೆ ಗುರುತೂ ತಾನಾಗಿಯೇ ಮುಂದಕ್ಕೆ ಸಾಗುತ್ತದೆ. ರಂಗೋಲಿಯ ಗೆರೆ ಮುಖಸ್ತುತಿ ಮಾಡುವುದಿಲ್ಲ. ಪ್ರತಿಯೊಂದು ಬೀಸಿಗೂ ಕಂಡದ್ದನ್ನು ಕಂಡಂತೆ ಹೇಳುತ್ತದೆ. ಸಿಮೆಂಟಿನ ನೆಲದ ಮೇಲೆ ಮಾತ್ರ ಈ ಪ್ರಯೋಗ ಬೇಡ, ಮಣಿಕಟ್ಟಿಗೆ ಪೆಟ್ಟು. ಅಲ್ಲಿ ಜಾರದಂತೆ ಭದ್ರಪಡಿಸಿದ ಹಳೆಯ ತೆಂಗಿನ ನಾರಿನ ಚಾಪೆಯನ್ನು ಹಾಸಿ, ಅದರ ಮೇಲ್ಮೈಯನ್ನು ಸವರಿದರೆ ಸಾಕು.

ನಾಲ್ಕನೆಯದು ಕಿವಿಯ ಪಾಠ. ಕೋಲನ್ನು ತಲೆಕೆಳಗು ಮಾಡಿ, ಉಕ್ಕಿನ ತಲೆಯ ಪಕ್ಕದಲ್ಲಿ ಹಿಡಿದು, ಹಗುರವಾದ ತುದಿಯನ್ನು ಗಾಳಿಯಲ್ಲಿ ಬೀಸಿ. ಸುಯ್ಯೆಂಬ ಸದ್ದು ಬರುತ್ತದೆ. ಆ ಸದ್ದು ಎಲ್ಲಿ ಜೋರಾಗುತ್ತದೆಂದು ಆಲಿಸಿ. ಬಲಭುಜದ ಬಳಿಯೇ ಜೋರಾದರೆ ಶಕ್ತಿಯೆಲ್ಲ ಮೊದಲೇ ಖರ್ಚಾಗಿ, ಚೆಂಡಿನ ಬಳಿ ಬರುವಾಗ ಜೇಬು ಬರಿದಾಗಿದೆ ಎಂದು ತಿಳಿಯಬೇಕು. ತಿಂಗಳ ಮೊದಲ ವಾರದಲ್ಲೇ ಸಂಬಳ ಮುಗಿಸುವವರ ಸ್ಥಿತಿ ಅದು. ಸದ್ದು ಚೆಂಡಿನ ಸ್ಥಳದಲ್ಲಿ ಏರಿ ಅದರಾಚೆ ಎಡಕ್ಕೆ ಸಾಗಬೇಕು.

ಕಿವಿಯ ಮಾತು ಬಂದದ್ದರಿಂದ ಲಯದ ಮಾತನ್ನೂ ಹೇಳಬೇಕು. ಸಂಗೀತ ಕಲಿಯುವ ಮಕ್ಕಳಿರುವ ಮನೆಗಳಲ್ಲಿ ಸರಳೆ ವರಸೆಯನ್ನು ಕೇಳದವರಿಲ್ಲ. ಪುರಂದರದಾಸರು ಹಾಕಿಕೊಟ್ಟರೆಂದು ಸಂಪ್ರದಾಯ ನಂಬುವ ಆ ಕ್ರಮದಲ್ಲಿ ಒಂದೇ ವರಸೆಯನ್ನು ಮೊದಲನೆಯ ಕಾಲ, ಎರಡನೆಯ ಕಾಲ, ಮೂರನೆಯ ಕಾಲ ಎಂದು ಮೂರು ವೇಗಗಳಲ್ಲಿ ಹಾಡಿಸುತ್ತಾರೆ. ಅದನ್ನು ಕಚೇರಿಯೆಂದು ಯಾರೂ ಕರೆಯುವುದಿಲ್ಲ; ಅದಿಲ್ಲದೆ ಕಚೇರಿಯೂ ಆಗುವುದಿಲ್ಲ. ಗಾಲ್ಫಿನ ಬೀಸಿಗೂ ಇದಕ್ಕಿಂತ ಉತ್ತಮವಾದ ಕ್ರಮವಿಲ್ಲ. ಮೊದಲು ಒಂದು ಬೀಸಿಗೆ ಹತ್ತು ಸೆಕೆಂಡುಗಳನ್ನು ತೆಗೆದುಕೊಳ್ಳಿ. ಆ ನಿಧಾನದಲ್ಲಿ ಸೊಂಟ ಯಾವಾಗ ತಿರುಗಿತು, ಭಾರ ಯಾವ ಕಾಲಿನಲ್ಲಿದೆ, ಮಣಿಕಟ್ಟು ಎಲ್ಲಿ ಮಡಿಚಿತು ಎಲ್ಲವೂ ತಿಳಿಯುತ್ತದೆ. ಆಮೇಲೆ ಅದರ ಎರಡರಷ್ಟು ವೇಗ. ಕೊನೆಗೆ ಸಹಜವಾದ ವೇಗ. ಮೊದಲನೆಯ ಕಾಲದಲ್ಲಿ ತಪ್ಪಿದ್ದು ಮೂರನೆಯ ಕಾಲದಲ್ಲಿ ಸರಿಯಾದೀತೆಂದು ಯಾವ ಸಂಗೀತ ಗುರುವೂ ಒಪ್ಪಲಾರರು.

ತಾಳದ ಲೆಕ್ಕವೂ ಉಂಟು. ಜಾನ್ ನೊವೊಸೆಲ್ ಎಂಬ ಅಮೆರಿಕನ್ನರು ನುರಿತ ಆಟಗಾರರ ಬೀಸುಗಳನ್ನು ಚಲನಚಿತ್ರದ ಒಂದೊಂದು ಚಿತ್ರವಾಗಿ ಎಣಿಸಿ ನೋಡಿ, ತಾವು ಕಂಡದ್ದನ್ನು 2004ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅವರಲ್ಲಿ ವೇಗ ಬೇರೆ ಬೇರೆಯಾಗಿದ್ದರೂ ಪ್ರಮಾಣ ಹೆಚ್ಚುಕಡಮೆ ಒಂದೇ ಆಗಿತ್ತು: ಕೋಲನ್ನು ಮೇಲಕ್ಕೊಯ್ಯಲು ಮೂರು ಪಾಲು ಕಾಲ, ಇಳಿಸಿ ಹೊಡೆಯಲು ಒಂದು ಪಾಲು. ನಮ್ಮ ತಾಳದ ಭಾಷೆಯಲ್ಲಿ ಇದನ್ನು ಹೇಳುವುದು ಇನ್ನೂ ಸುಲಭ. ಬಾಯಲ್ಲಿ ‘ತಕಧಿಮಿ’ ಎಂದು ಹೇಳಿಕೊಳ್ಳಿ. ‘ತ, ಕ, ಧಿ’ ಎನ್ನುವಷ್ಟು ಹೊತ್ತು ಕೋಲು ಮೇಲೇರಲಿ. ‘ಮಿ’ ಎಂಬಲ್ಲಿ ಇಳಿಯಲಿ. ಮುಂದಿನ ಸುತ್ತಿನ ‘ತ’ ಬೀಳುವ ಹೊತ್ತಿಗೆ ಚೆಂಡನ್ನು ಮುಟ್ಟಲಿ. ಅವಸರದವರು ‘ತಕ’ದಲ್ಲಿಯೇ ಇಳಿಯಲು ತೊಡಗುತ್ತಾರೆ. ಅದೇ ಅವರ ಎಲ್ಲ ತೊಂದರೆಗಳ ಮೂಲ.

ಬೀಸುವಾಗ ಮನಸ್ಸನ್ನು ಎಲ್ಲಿ ಇಡಬೇಕೆಂಬುದೂ ಮುಖ್ಯ. 1999ರಲ್ಲಿ ಗ್ಯಾಬ್ರಿಯೇಲ್ ವುಲ್ಫ್ ಮತ್ತು ಅವರ ಸಂಗಡಿಗರು ಗಾಲ್ಫ್ ಅರಿಯದ ಹೊಸಬರನ್ನು ಎರಡು ತಂಡ ಮಾಡಿ ಪರೀಕ್ಷಿಸಿದರು. ಒಂದು ತಂಡಕ್ಕೆ ತೋಳಿನ ಚಲನೆಯನ್ನು ಗಮನಿಸಲು ಹೇಳಿದರು. ಇನ್ನೊಂದಕ್ಕೆ ಕೋಲಿನ ಚಲನೆಯನ್ನು. ಕೋಲನ್ನು ಗಮನಿಸಿದವರೇ ಚೆನ್ನಾಗಿ ಕಲಿತರು. ಮೊದಲನೆಯ ಕಾಲದಲ್ಲಿ ಮೈಯನ್ನು ವಿಚಾರಿಸಿಕೊಳ್ಳಿ. ಸಹಜ ವೇಗಕ್ಕೆ ಬಂದ ಮೇಲೆ ಮೊಣಕೈ ಮೊಣಕಾಲುಗಳ ಚಿಂತೆ ಬಿಟ್ಟು, ಕೋಲಿನ ತಲೆ ಸಾಗುವ ದಾರಿಯನ್ನು ಮಾತ್ರ ನೆನೆಯಿರಿ. ನಡೆಯುವಾಗ ಪ್ರತಿ ಹೆಜ್ಜೆಗೂ ಮಂಡಿಯನ್ನು ಯೋಚಿಸಿದರೆ ಯಾರೇ ಆದರೂ ಎಡವುತ್ತಾರೆ.

ಎಷ್ಟು ಹೊತ್ತು ಅಭ್ಯಾಸ ಮಾಡಬೇಕು? ದಿನಕ್ಕೆ ಹತ್ತು ನಿಮಿಷ, ಮೂವತ್ತು ಬೀಸು. ಭಾನುವಾರ ಮುನ್ನೂರು ಬೀಸಿ ಸೋಮವಾರದಿಂದ ಶನಿವಾರದವರೆಗೆ ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಳ್ಳುವುದಕ್ಕಿಂತ ಇದು ಮೇಲು. ಗಾಲ್ಫ್ ಆಡುವವರಲ್ಲಿ ಹೆಚ್ಚಾಗಿ ನೋಯುವುದು ಕೆಳಬೆನ್ನು. ಮೊಣಕೈ, ಮಣಿಕಟ್ಟುಗಳೂ ಅದರ ನೆಂಟರೇ. ದಿನವಿಡೀ ಕುರ್ಚಿಯಲ್ಲಿ ಕುಳಿತು ಲೆಕ್ಕ ಬರೆದ ದೇಹವನ್ನು ಒಮ್ಮೆಲೇ ತಿರುಚುವುದು ಅನ್ಯಾಯ. ಮೊದಲು ಎರಡು ನಿಮಿಷ ಅಂಗಳದಲ್ಲಿ ನಡೆದಾಡಿ, ಕೋಲನ್ನು ಹೆಗಲ ಮೇಲೆ ಅಡ್ಡಲಾಗಿ ಹಿಡಿದು ನಿಧಾನವಾಗಿ ಅತ್ತಿತ್ತ ತಿರುಗಿ, ಆಮೇಲೆ ಬೀಸಿಗೆ ತೊಡಗಬೇಕು. ಐದಾರು ಬೀಸುಗಳನ್ನು ಎಡಗೈಯವರಂತೆ ವಿರುದ್ಧ ದಿಕ್ಕಿನಲ್ಲಿಯೂ ಬೀಸಿದರೆ ಎರಡು ಪಕ್ಕಗಳಿಗೂ ಸಮಪಾಲು. ಬೆನ್ನುನೋವೋ ಹೃದ್ರೋಗವೋ ಇರುವವರು ವೈದ್ಯರನ್ನು ಕೇಳದೆ ತೊಡಗಕೂಡದು.

ಅಂಗಳವಿಲ್ಲದವರು, ಮಳೆಗಾಲದವರು, ವಯಸ್ಸಾದವರು ನಿರಾಶರಾಗಬೇಕಿಲ್ಲ. ಗಾಲ್ಫಿನ ಅರ್ಧಭಾಗವನ್ನು ಮನೆಯೊಳಗೇ ಕಲಿಯಬಹುದು! ಸಾಮಾನ್ಯವಾಗಿ ಹದಿನೆಂಟು ಗುಳಿಗಳ ಮೈದಾನಕ್ಕೆ 72 ಹೊಡೆತಗಳೆಂದು ಲೆಕ್ಕ ಕಟ್ಟುವಾಗ ಗುಳಿಗೆ ಎರಡರಂತೆ 36 ಹೊಡೆತಗಳನ್ನು, ಚೆಂಡನ್ನು ಮೆಲ್ಲನೆ ಉರುಳಿಸಿ ಗುಳಿಗೆ ಸೇರಿಸುವ ಕೆಲಸಕ್ಕೇ ಮೀಸಲಿಡುತ್ತಾರೆ. ನಡುಮನೆಯಲ್ಲಿ ಒಂದು ಜಮಖಾನ ಹಾಸಿ, ಮೂರು ಅಡಿ ದೂರದಲ್ಲಿ ಒಂದು ಸ್ಟೀಲ್ ಲೋಟವನ್ನು ಬಾಯಿ ನಿಮ್ಮ ಕಡೆಗಿರುವಂತೆ ಮಲಗಿಸಿ. ನಿಜವಾದ ಗುಳಿಯ ಅಗಲ 108 ಮಿಲಿಮೀಟರು. ಲೋಟದ ಬಾಯಿ ಅದಕ್ಕಿಂತ ಚಿಕ್ಕದು. ಹತ್ತಕ್ಕೆ ಹತ್ತು ಸಲ ಲೋಟಕ್ಕೆ ಚೆಂಡನ್ನು ಸೇರಿಸಬಲ್ಲವರಿಗೆ ಮೈದಾನದ ಗುಳಿ ಬಾವಿಯಂತೆ ಕಾಣುತ್ತದೆ. ಈ ಆಟದಲ್ಲಿ ಅಜ್ಜಿಯೂ ಮೊಮ್ಮಗನೂ ಸಮಾನಸ್ಕಂಧರು; ಮೊಮ್ಮಗನೇ ಸೋಲುವ ಸಂಭವವೂ ಇಲ್ಲದಿಲ್ಲ.

ಈ ಮೆಲ್ಲನೆಯ ಹೊಡೆತವನ್ನು ಹಗುರವಾಗಿ ಎಣಿಸುವವರು ನಮ್ಮ ಬೆಂಗಳೂರಿನಲ್ಲಿ 1998ರಲ್ಲಿ ಹುಟ್ಟಿದ ಅದಿತಿ ಅಶೋಕರನ್ನು ನೆನೆಯಬೇಕು. 2021ರ ಆಗಸ್ಟಿನಲ್ಲಿ ಟೋಕಿಯೋದ ಒಲಿಂಪಿಕ್ ಕ್ರೀಡಾಕೂಟದಲ್ಲಿ ನಾಲ್ಕು ದಿನಗಳ ಕಾಲ ಅವರು ಜಗತ್ತಿನ ಅತ್ಯುತ್ತಮ ಆಟಗಾರ್ತಿಯರ ಸರಿಸಮಕ್ಕೆ ಆಡಿದರು. ಅವರ ಉದ್ದ ಹೊಡೆತಗಳು ಎದುರಾಳಿಗಳಷ್ಟು ದೂರ ಹೋಗುತ್ತಿರಲಿಲ್ಲ. ಅವರನ್ನು ಅಷ್ಟೆತ್ತರಕ್ಕೆ ಒಯ್ದದ್ದು ಗುಳಿಯ ಹತ್ತಿರದ ಜಾಣ್ಮೆ. ಕೋಲುಗಳ ಚೀಲವನ್ನು ಹೊತ್ತು ಜೊತೆಯಲ್ಲಿ ನಡೆದವರು ಅವರ ತಾಯಿ. ಕೊನೆಗೆ ನಾಲ್ಕನೆಯ ಸ್ಥಾನ. ಎಪ್ಪತ್ತೆರಡು ಗುಳಿಗಳ ಆಟದಲ್ಲಿ ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಿಂದ. ಮುನ್ನೂರು ಗಜ ಹಾರಿದ ಹೊಡೆತಕ್ಕೂ ಮೂರು ಅಂಗುಲ ಉರುಳಿಸಿದ ಹೊಡೆತಕ್ಕೂ ಲೆಕ್ಕದ ಪುಸ್ತಕದಲ್ಲಿ ಒಂದೇ ಬೆಲೆ ಎಂಬುದನ್ನು ಅಂದು ಗಾಲ್ಫ್ ಅರಿಯದ ಭಾರತೀಯರೂ ಅರಿತರು.

ಇಷ್ಟು ಹೇಳಿದ ಮೇಲೆ ಅಂಗಳದ ಮಿತಿಯನ್ನೂ ಮುಚ್ಚಿಡಬಾರದು. ಅಭ್ಯಾಸಕ್ಕೆ ವಿವೇಕವಿಲ್ಲ. ಸರಿಯಾದದ್ದನ್ನು ಮೂವತ್ತು ಸಲ ಮಾಡಿದರೆ ಅದನ್ನು ಗಟ್ಟಿಮಾಡುತ್ತದೆ. ತಪ್ಪನ್ನು ಮೂವತ್ತು ಸಲ ಮಾಡಿದರೆ ಅದನ್ನೂ ಅಷ್ಟೇ ಶ್ರದ್ಧೆಯಿಂದ ಗಟ್ಟಿಮಾಡುತ್ತದೆ. ಕೋಲಿನ ಮುಖ ಎರಡು ಡಿಗ್ರಿ ಓರೆಯಾಗಿದ್ದರೆ ಅಂಗಳದಲ್ಲಿ ಅದು ಕಾಣುವುದಿಲ್ಲ. ಮೈದಾನದಲ್ಲಿ ಚೆಂಡು ಪೊದೆಗೆ ಹೋದಾಗಲೇ ಕಾಣುತ್ತದೆ. ಇದಕ್ಕೆ ಪರಿಹಾರ ಎರಡು. ಈಗ ಎಲ್ಲರ ಜೇಬಿನಲ್ಲಿಯೂ ಇರುವ ಮೊಬೈಲ್ ಫೋನನ್ನು ವಾರಕ್ಕೊಮ್ಮೆ ಸೊಂಟದೆತ್ತರದಲ್ಲಿ ನಿಲ್ಲಿಸಿ, ಒಂದು ಸಲ ಎದುರಿನಿಂದಲೂ ಒಂದು ಸಲ ಗುರಿಯ ಹಿಂಬದಿಯಿಂದಲೂ ಬೀಸನ್ನು ಚಿತ್ರೀಕರಿಸಿ ನೋಡಿಕೊಳ್ಳುವುದು ಒಂದು. ತಿಂಗಳಿಗೊಮ್ಮೆಯಾದರೂ ಅಭ್ಯಾಸದ ಮೈದಾನಕ್ಕೆ ಹೋಗಿ, ಬಲ್ಲವರ ಕಣ್ಣೆದುರಿನಲ್ಲಿ ಒಂದು ಬುಟ್ಟಿ ಚೆಂಡುಗಳನ್ನು ಹೊಡೆಯುವುದು ಇನ್ನೊಂದು. ಗುರುವಿಲ್ಲದ ಸಾಧನೆ ಕತ್ತಲಲ್ಲಿ ಕನ್ನಡಿ ನೋಡಿದಂತೆ.

ಸೌಲಭ್ಯವಿಲ್ಲದೆ ಬಿದ್ದುಹೋದವರ ಲೆಕ್ಕ ಯಾರಿಗೂ ಸಿಗದು. ಸೌಲಭ್ಯವಿಲ್ಲದೆಯೂ ಎದ್ದು ನಿಂತವರು ಈ ಆಟದಲ್ಲಿದ್ದಾರೆ. ಸ್ಪೇನ್ ದೇಶದ ಪೆಡ್ರೆನ್ಯಾ ಎಂಬ ಹಳ್ಳಿಯಲ್ಲಿ ರೈತನ ಮಗನಾಗಿ 1957ರಲ್ಲಿ ಹುಟ್ಟಿದ ಸೆವೆ ಬ್ಯಾಲೆಸ್ಟೆರೊಸ್‌ಗೆ ಅಣ್ಣನಿಂದ ಸಿಕ್ಕಿದ್ದು ಮೂರನೆಯ ಸಂಖ್ಯೆಯ ಒಂದೇ ಒಂದು ಕೋಲು. ಊರಿನ ಗಾಲ್ಫ್ ಮೈದಾನ ಅವನಂಥ ಹುಡುಗರಿಗಲ್ಲ. ಅವನು ಸಮುದ್ರತೀರದ ಮರಳಿನಲ್ಲಿ ಅದೇ ಕೋಲನ್ನು ಬೀಸಿ ಬೀಸಿ ಕಲಿತ. ಮುಂದೆ ಬ್ರಿಟಿಷ್ ಓಪನ್ ಪಂದ್ಯವನ್ನು ಮೂರು ಸಲವೂ ಅಮೆರಿಕದ ಮಾಸ್ಟರ್ಸ್ ಪಂದ್ಯವನ್ನು ಎರಡು ಸಲವೂ ಗೆದ್ದ. ಅಷ್ಟು ದೂರ ಹೋಗುವುದೂ ಬೇಡ. ಬೆಂಗಳೂರಿನಲ್ಲಿ ಇತರರ ಕೋಲುಗಳ ಚೀಲ ಹೊರುತ್ತಿದ್ದ ಸಿ. ಮುನಿಯಪ್ಪನವರು 2009ರಲ್ಲಿ ಇಂಡಿಯನ್ ಓಪನ್ ಪಂದ್ಯವನ್ನೇ ಗೆದ್ದರು. ಹೊರುವಾಗ ಅವರು ಚೀಲವನ್ನು ಮಾತ್ರ ಹೊರಲಿಲ್ಲ. ಕಣ್ಣಿನಲ್ಲಿ ಬೀಸನ್ನೂ ಹೊತ್ತುಕೊಂಡಿದ್ದರು.

ನಮ್ಮಲ್ಲಿ ಬಹುಮಂದಿ ಇಂಥ ಬಹುಮಾನಗಳಿಗಾಗಿ ಬೀಸುವವರಲ್ಲ. ನಲವತ್ತು ದಾಟಿದ ಮೇಲೆ ಮೈಗೆ ಹೊಸದೊಂದು ವಿದ್ಯೆಯನ್ನು ಕಲಿಸಲು ಸಾಧ್ಯವೆಂದು ಕಂಡುಕೊಳ್ಳುವುದೇ ದೊಡ್ಡ ಬಹುಮಾನ. ನಿನ್ನೆ ಗೆರೆಗಿಂತ ನಾಲ್ಕು ಬೆರಳು ಹಿಂದೆ ಬಿದ್ದ ಗುರುತು ಇಂದು ಗೆರೆಯ ಮೇಲೆಯೇ ಬಿದ್ದರೆ ಆ ದಿನದ ಕಚೇರಿಯ ಕೆಲಸವೂ ಸ್ವಲ್ಪ ಹಗುರವೆನಿಸುತ್ತದೆ. ಅದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ತಟ್ಟಬೇಕಾಗಿಯೂ ಇಲ್ಲ. ಹತ್ತು ನಿಮಿಷ ಮುಗಿದೊಡನೆ ಕೋಲನ್ನು ಒರಸಿ, ಮಕ್ಕಳ ಕೈಗೆ ನಿಲುಕದಂತೆ ಬೀರುವಿನ ಮೇಲಿಟ್ಟು, ಅಂಗಳದ ಚಿಲಕವನ್ನು ತೆಗೆಯಿರಿ. ಕುಂಟೆಬಿಲ್ಲೆಯವರು ಕಾಯುತ್ತಿರುತ್ತಾರೆ.